ಪುಟ್ಟಿಗೆ, ಪೈಪ್ ಅಂಗಡಿಯಿಂದ

ಪುಟ್ಟಿ,

ನನ್ನ ಫೋನ್ ನೀನು ಎತ್ತುತ್ತಿಲ್ಲ. ಇರಲಿ, ಅಮ್ಮನ ಹತ್ತಿರ ಮಾತಾಡುತ್ತೀಯಲ್ಲ, ಅಷ್ಟು ಸಾಕು. ಆದರೆ ಅವಳ ಕೈಲಿ ಹೇಳಿ ಕಳಿಸಿದರೆ ಅರ್ಧ ಮಾತು ದಾರಿಯಲ್ಲೇ ಬಿದ್ದುಹೋಗುತ್ತದೆ. ಥಿನ್ನರ್ ಅಂದರೆ ಪೇಂಟ್ ಅಂತಾಳೆ, ಪೇಂಟ್ ಅಂದರೆ ಗಮ್ ಅಂತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಮಧ್ಯಾಹ್ನದ ಹೊತ್ತು, ಅಂಗಡಿಯಲ್ಲಿ ಗಿರಾಕಿ ಕಡಿಮೆ.

ಆವತ್ತು ಫೋನಿನಲ್ಲಿ ಆಡಿದ್ದನ್ನು ಮತ್ತೆ ಎತ್ತುವುದಿಲ್ಲ. ನಾನು ಅಂದಿದ್ದು ನಿನಗೆ ನೆನಪಿದೆ, ನೀನು ಅಂದಿದ್ದು ನನಗೆ ನೆನಪಿದೆ. ನಿನ್ನ ರಾಕೆಟ್, ಉಪಗ್ರಹದ ಮಾಡೆಲ್‌ಗಳನ್ನು ‘ಆಟದ ಸಾಮಾನು’ ಅಂದೆನಲ್ಲ, ಆ ಒಂದು ಮಾತು ಬೇಡವಾಗಿತ್ತು. ಮಿಕ್ಕಿದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.

ಬಾತ್‌ರೂಮಿನಲ್ಲಿ ಮಾಡೆಲ್‌ಗೆ ಪೇಂಟ್ ಹೊಡೆಯುತ್ತಾ ನೀನು ಎಚ್ಚರ ತಪ್ಪಿ ಬಿದ್ದೆ ಅನ್ನೋದಕ್ಕಿಂತ ನನ್ನನ್ನು ಜಾಸ್ತಿ ಹೆದರಿಸಿದ್ದು ನಿನ್ನ ರೂಮಿನ ಆ ಬೆಳಗಾವಿ ಹುಡುಗಿ ಹೇಳಿದ ಒಂದು ಮಾತು. ‘ಬಾತ್‌ರೂಮಿನ್ಯಾಗ ಒಬ್ಬಾಕೀನ ನಗಾಕತ್ತಿದ್ಲು ರೀ ಅಂಕಲ್, ಆಮೇಲ ಸಪ್ಪಳ ನಿಂತು ಹೋತು’ ಅಂದಳು. ನಗುತ್ತಿದ್ದಳು ಅಂದ ತಕ್ಷಣ ನನ್ನ ಕೈಕಾಲು ತಣ್ಣಗಾಯಿತು. ಯಾಕೆ ಅಂತ ನಿನಗೆ ಗೊತ್ತಿಲ್ಲ. ನೀನಾಗ ತುಂಬಾ ಚಿಕ್ಕವಳು. ಮನೆಯಲ್ಲಿ ಈ ವಿಷಯ ನಾನು ಹೇಳಿದವನಲ್ಲ.

ನಮ್ಮ ಅಂಗಡಿಗೆ ಮೊದಲಿಂದ ಬರುವ ಪ್ಲಂಬರ್ ಒಬ್ಬ ಇದ್ದಾನಲ್ಲ, ಬರುವಾಗಲೆಲ್ಲ ನಿನಗೆ ಕಡ್ಲೆಮಿಠಾಯಿ ತರುತ್ತಿದ್ದವನು. ಗಾಂಧಿನಗರದ ಕಡೆ ಒಂದು ಹೊಸ ಮನೆಯ ಸಂಪಿನೊಳಗೆ ಇಳಿದು ಪೈಪು ಅಂಟಿಸುತ್ತಿದ್ದ. ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ. ಪೈಪು ಅಂಟಿಸುವ ಗಮ್ಮು, ಸಾಲ್ವೆಂಟ್ ಸಿಮೆಂಟ್ ಅಂತೀವಲ್ಲ, ಅದರ ಡಬ್ಬಿ ನಮ್ಮ ಅಂಗಡಿಯದೇ, ಬೆಳಿಗ್ಗೆ ನಾನೇ ಕೊಟ್ಟಿದ್ದು. ಒಂದು ಎಲ್ಬೋ ಕಡಿಮೆ ಬಿತ್ತು ಅಂತ ಕೊಡುವುದಕ್ಕೆ ನಾನೇ ಹೋದೆ. ಹೋದರೆ ಒಳಗಿಂದ ಹಾಡು ಕೇಳುತ್ತಿದೆ. ಅವನು ಹಾಡುವ ಆಸಾಮಿಯೇ ಅಲ್ಲ. ಮನೆ ಯಜಮಾನರು ಮೇಲೆ ಕಾಫಿ ಲೋಟ ಹಿಡಿದು ನಿಂತಿದ್ದರು. ‘ಏನಯ್ಯಾ, ಇವತ್ತು ಬಲು ಖುಷೀಲಿದೀಯ’ ಅಂದರು. ಒಳಗಿಂದ ನಗು. ನಾವೂ ನಕ್ಕೆವು. ಆಮೇಲೆ ಹಾಡು ಅರ್ಧಕ್ಕೇ ನಿಂತಿತು.

ಬಗ್ಗಿ ನೋಡಿದರೆ ಗೋಡೆಗೆ ತಲೆ ಒರಗಿಸಿ ಕೂತಿದ್ದಾನೆ, ಡಬ್ಬಿ ಮಗುಚಿದೆ. ಅವನ ಜೊತೆಯ ಹುಡುಗ ಇಳಿಯುವುದಕ್ಕೆ ಕಾಲು ಹಾಕಿದ. ನಾನು ಅವನ ಅಂಗಿ ಹಿಡಿದು ಎಳೆದೆ. ಒಬ್ಬ ಬಿದ್ದಿರುವ ಕಡೆ ಇನ್ನೊಬ್ಬ ಇಳಿಯಬಾರದು, ಇದನ್ನು ಬರೆದಿಟ್ಟುಕೋ. ಮೇಲಿಂದ ನೀರು ಸುರಿದೆವು, ಕೂಗಿದೆವು, ಕಣ್ಣು ಬಿಟ್ಟ. ‘ಹಗ್ಗ ಕಂಕುಳಿಗೆ ಹಾಕ್ಕೊಳೋ’ ಅಂದರೆ ನಗುತ್ತಾನೆ. ಸಾಯುವ ಜಾಗದಲ್ಲಿ ಕೂತು ನಗುತ್ತಾನೆ ಪುಟ್ಟಿ. ಹೇಗೋ ಎಳೆದು ಹಾಕಿದೆವು. ಬದುಕಿದ. ಮೊನ್ನೆಯೂ ಬಂದು ಬಾಲ್ ವಾಲ್ವ್ ತೆಗೆದುಕೊಂಡು ಹೋದ.

ಆ ವಾಸನೆ ಮೊದಲು ತಲೆ ನೋಯಿಸುವುದಿಲ್ಲ, ಖುಷಿ ಕೊಡುತ್ತದೆ. ಕಷ್ಟ ಇರುವುದೇ ಅಲ್ಲಿ. ಕೆಮ್ಮು ಬಂದಿದ್ದರೆ ನೀನೇ ಎದ್ದು ಹೊರಗೆ ಬರುತ್ತಿದ್ದೆ. ನಗು ಬಂದರೆ ಯಾರು ಬರುತ್ತಾರೆ? ಥಿನ್ನರ್ ಆಗಲಿ, ಸಾಲ್ವೆಂಟ್ ಆಗಲಿ, ಅದರ ಆವಿ ಗಾಳಿಗಿಂತ ಭಾರ. ತಗ್ಗಿಗೆ ಇಳಿದು ನೆಲದಲ್ಲೇ ಕೂರುತ್ತದೆ. ನಿನ್ನ ಬಾತ್‌ರೂಮಿನ ವೆಂಟಿಲೇಟರ್ ಎಲ್ಲಿದೆ? ಮೇಲೆ, ಸೂರಿನ ಹತ್ತಿರ. ನೀನು ಕೂತಿದ್ದು ಎಲ್ಲಿ? ನೆಲದ ಮೇಲೆ, ಸ್ಟೂಲಿನ ಮೇಲೆ ಆ ಆರ್ಯಭಟ ಉಪಗ್ರಹದ ಮಾಡೆಲ್ ಇಟ್ಟುಕೊಂಡು. ಬಾಗಿಲು ಯಾಕೆ ಹಾಕಿದೆ? ಧೂಳು ಬಂದು ಹಸಿ ಪೇಂಟಿನ ಮೇಲೆ ಕೂರಬಾರದು ಅಂತ. ಅದೂ ಒಂದು ಸಂಪೇ ಆಯಿತಲ್ಲ.

ಮತ್ತೆ ಅದೇ ಕಥೆ ಅಂತೀಯ, ಗೊತ್ತು.

ಇನ್ನೊಂದು. ಅಲ್ಲಿ ಗೀಸರ್ ಗ್ಯಾಸಿನದಾ, ಕರೆಂಟಿನದಾ? ಅಮ್ಮನಿಗೆ ಗೊತ್ತಿಲ್ಲ. ಗ್ಯಾಸಿನದಾದರೆ ಒಳಗೆ ಬೆಂಕಿ ಉರಿಯುತ್ತದೆ. ಥಿನ್ನರ್ ಆವಿ ತುಂಬಿದ ಕೋಣೆಯಲ್ಲಿ ಯಾರಾದರೂ ಬಿಸಿನೀರಿನ ನಲ್ಲಿ ತಿರುಗಿಸಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾ? ಇದೊಂದಕ್ಕಾದರೂ ಉತ್ತರ ಕಳಿಸು. ಬೇರೇನೂ ಬೇಡ, ‘ಕರೆಂಟು’ ಅಂತ ಮೆಸೇಜ್ ಹಾಕು ಸಾಕು.

ಪೀಣ್ಯದ ಶೆಡ್‌ಗಳಲ್ಲಿ ಆರ್ಯಭಟ ಕಟ್ಟಿದಾಗ ಟಾಯ್ಲೆಟ್ ಒಂದನ್ನೇ ಡೇಟಾ ಹಿಡಿಯುವ ಕೋಣೆ ಮಾಡಿಕೊಂಡಿದ್ದರಂತೆ ಅಂತ ಕಥೆ ಹೇಳಿದವಳು ನೀನೇ. ಒಳ್ಳೆಯ ಕಥೆ. ಆದರೆ ಅವರು ಅಲ್ಲಿ ಬಾಗಿಲು ಹಾಕಿಕೊಂಡು ಥಿನ್ನರ್ ಹೊಡೆಯುತ್ತಿರಲಿಲ್ಲ. ಉಡುಪಿ ಕಡೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಮುಂದೆ ನಿಂತು ಮಾಡಿಸಿದ ಉಪಗ್ರಹ ಅದು. 360 ಕಿಲೋ. 1975ರ ಏಪ್ರಿಲ್ 19ಕ್ಕೆ ರಷ್ಯಾದ ಕಪುಸ್ಟಿನ್ ಯಾರ್‌ನಿಂದ ಹಾರಿದ್ದು. ನನಗೆ ಅದು ಗೊತ್ತಾಗಿದ್ದು ಎರಡು ರೂಪಾಯಿ ನೋಟಿನಿಂದ. ನೋಟಿನ ಹಿಂದೆ ಇರುವುದು ಏನು ಅಂತ ಬಹಳ ಕಾಲ ಯಾರೂ ಹೇಳಿರಲಿಲ್ಲ, ಯಾವುದೋ ಯಂತ್ರದ ಬಿಡಿಭಾಗ ಅಂದುಕೊಂಡಿದ್ದೆ. ಅದಕ್ಕೆ 26 ಮುಖ ಅಂತ ಹೇಳಿದ್ದೂ ನೀನೇ. ಒಂದೊಂದು ಮುಖವನ್ನೂ ಬೇರೆ ಬೇರೆ ಕತ್ತರಿಸಿ, ಅಂಚನ್ನು ಓರೆಯಾಗಿ ಉಜ್ಜಿ ಕೂಡಿಸಿದ್ದೀಯಲ್ಲ, ಆ ಫೋಟೊ ಅಮ್ಮನ ಫೋನಿನಲ್ಲಿ ನೋಡಿದೆ. ದೊಡ್ಡದು ಮಾಡಿ ನೋಡಿದೆ. ಜೋಡಣೆ ಎಲ್ಲೂ ಬಾಯಿ ಬಿಟ್ಟಿಲ್ಲ. ಇಷ್ಟು ವರ್ಷ ಪೈಪು ಮಾರಿದವನು ಹೇಳುತ್ತಿದ್ದೇನೆ, ಜಾಯಿಂಟು ನೋಡುವುದು ನನಗೆ ಬರುತ್ತದೆ.

ಚಂದ್ರಯಾನ-2ರ ವಿಕ್ರಮ್ ಚಂದ್ರನ ಮೇಲೆ ಸರಿಯಾಗಿ ಇಳಿಯಲಾಗದೆ ಹೋದ 2019ರ ಸೆಪ್ಟೆಂಬರ್ 7ರ ನಸುಕಿನ ವಿಷಯ ನಾನು ಬರೆಯುವುದಿಲ್ಲ. ಐದು ನಳಿಕೆಯ ಆ ವಿಕ್ರಮ್ ಇನ್ನೂ ಷೋಕೇಸಿನಲ್ಲೇ ಇದೆ, ಪಕ್ಕದಲ್ಲಿ 2023ರ ನಾಲ್ಕು ನಳಿಕೆಯದು. ಬಂದವರಿಗೆಲ್ಲ ಅಮ್ಮ ನಡುವಿನ ನಳಿಕೆ ಯಾಕೆ ತೆಗೆದರು, ಕಾಲು ಯಾಕೆ ಗಟ್ಟಿ ಮಾಡಿದರು ಅಂತ ವಿವರಿಸುತ್ತಾಳೆ. ಅರ್ಧ ತಪ್ಪು ಹೇಳುತ್ತಾಳೆ. ನಾನು ತಿದ್ದಲು ಹೋಗುವುದಿಲ್ಲ. ಮೈಮೇಲಿನದು ಚಿನ್ನವಲ್ಲ, ಹಿಂದೆ ಅಲ್ಯುಮಿನಿಯಂ ಹಚ್ಚಿದ ಜೇನುಬಣ್ಣದ ಹಾಳೆ ಅನ್ನುವುದನ್ನು ಮಾತ್ರ ಸರಿಯಾಗಿ ಹೇಳುತ್ತಾಳೆ. ಮೊಬೈಲ್ ರಿಪೇರಿ ಅಂಗಡಿಯಿಂದ ಆ ಹಳದಿ ಟೇಪು ತಂದು, ಅಂಟಿಸುವ ಮೊದಲು ಸಣ್ಣಗೆ ಮುದುರಿ ಮುದುರಿ ಬಿಡಿಸುತ್ತಿದ್ದೆಯಲ್ಲ. ಯಾಕೆ ಹಾಳು ಮಾಡುತ್ತೀಯ ಅಂದೆ. ‘ನುಣ್ಣಗಿದ್ರೆ ಸ್ವೀಟ್ ಬಾಕ್ಸ್ ಥರ ಕಾಣುತ್ತಪ್ಪಾ. ಸುಕ್ಕು ಕೂಡ ಅದೇ ಅಳತೆಗೆ ಚಿಕ್ಕದಾಗ್ಬೇಕು’ ಅಂದೆ. ಸುಕ್ಕಿಗೂ ಒಂದು ಅಳತೆ ಇರುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟ ನೀನು ಮಾಡಿದ ಎಲ್‌ವಿಎಂ3 ರಾಕೆಟ್. ಯಾಕೆ ಅಂತ ಗೊತ್ತಲ್ಲ. ನೀನು ಅಂಗಡಿಗೆ ಬಂದು ‘ಅಪ್ಪಾ, 40ರದ್ದು ಒಂದಡಿ, 32ರದ್ದು ಎರಡಡಿ, 50ರದ್ದು ಅರ್ಧ ಅಡಿ’ ಅಂದಾಗ ಯಾರದೋ ಮನೆ ನಲ್ಲಿ ರಿಪೇರಿಗೆ ಅಂದುಕೊಂಡೆ. ಆಮೇಲೆ ಬಿಲ್ ಬುಕ್ಕಿನ ಹಿಂದೆ ಬರೆದು ತೋರಿಸಿದೆ. ರಾಕೆಟ್ಟಿನ ನಡುವಿನ ಹಂತ ಎಲ್110 ನಾಲ್ಕು ಮೀಟರ್ ಅಗಲ. ಅಕ್ಕಪಕ್ಕ ಕಟ್ಟಿದ ಬೂಸ್ಟರ್, ಎಸ್200, 3.2 ಮೀಟರ್. ತಲೆಯ ಮೇಲಿನ ಕವಚ ಐದು ಮೀಟರ್. ನೂರರಲ್ಲಿ ಒಂದು ಮಾಡಿದರೆ 40, 32, 50 ಮಿಲಿಮೀಟರ್. ತೋಟಕ್ಕೆ ನೀರು ಹಾಯಿಸುವವರು ದಿನಾ ಕೇಳಿಕೊಂಡು ಬರುವ ಸೈಜು! 43.5 ಮೀಟರಿನ ರಾಕೆಟ್ಟು, 43.5 ಸೆಂಟಿಮೀಟರ್ ಮಾಡಿ ನಿಲ್ಲಿಸಿದೆ. ಪೈಪಿನ ಮೇಲಿನ ಅಚ್ಚು ಒರೆಸಿ, ಹೊಳಪು ಹೋಗುವ ತನಕ 400ರ ಸ್ಯಾಂಡ್ ಪೇಪರ್, ಆಮೇಲೆ 800. ಎರಡೂ ಎಸ್200ಗಳ ಮೂಗು ನೆಟ್ಟಗಿಲ್ಲ, ಒಳಗಡೆಗೆ ಓರೆ ಅಂತ ಎಂ-ಸೀಲ್ ಕಲಸಿ ಕೂತೆ. ಉಜ್ಜುವುದು, ನೋಡುವುದು, ಬೇಡ ಅಂತ ಕಿತ್ತು ಮತ್ತೆ ಹಚ್ಚುವುದು. ಬೇಸರವೇ ಇಲ್ಲ. ಲೆಕ್ಕ ಬರೆಯುವಾಗಲೂ ನನ್ನ ಕಣ್ಣು ನಿನ್ನ ಕೈ ಮೇಲೇ ಇತ್ತು.

ಈಗಲೂ ಗಲ್ಲಾದ ಪಕ್ಕದಲ್ಲಿದೆ. ರೈತರು ಬಂದವರು ಕೇಳುತ್ತಾರೆ. ‘ಇದಕ್ಕೆ ಹಾಕಿರೋದು ನಮ್ಮ ಪೈಪೇ’ ಅಂತೀನಿ. ‘ಎಷ್ಟಕ್ಕೆ ಕೊಡ್ತೀರಾ’ ಅಂದ ಒಬ್ಬ ಕೊಬ್ಬರಿ ವ್ಯಾಪಾರಿ. ಕೊಡೋದಿಲ್ಲ ಅಂದೆ. ಯಾವಾಗಲಾದರೂ ನನ್ನ ಬಾಯಿಂದ ಇದನ್ನು ಕೇಳಿದ್ದೀಯಾ? ಕೇಳಿರಲಾರೆ. ನಿನ್ನ ಎದುರಿಗೆ ‘ಇನ್ನೂ ಮುಗೀಲಿಲ್ವಾ, ಊಟಕ್ಕೆ ಬಾ’ ಅಂತಲೇ ಅಂದಿರುತ್ತೇನೆ.

ಕೆಲಸ ಬಿಟ್ಟು ಮಾಡೆಲ್ ಮಾಡುವುದನ್ನೇ ಕಸುಬು ಮಾಡಿಕೊಳ್ಳುತ್ತೀನಿ ಅಂದೆಯಂತೆ ಅಮ್ಮನ ಹತ್ತಿರ. ಅದು ಬೇರೆ ಜಗಳ. ಹಬ್ಬಕ್ಕೆ ಬಂದಾಗ ಆಡೋಣ.

ಈಗ ಕೆಲಸದ ಮಾತು. ಕೊರಿಯರಿನಲ್ಲಿ ಎರಡು ಪೆಟ್ಟಿಗೆ ಬರುತ್ತವೆ. ಚಿಕ್ಕದರಲ್ಲಿ ನಿಪ್ಪಟ್ಟು, ಚಟ್ನಿಪುಡಿ. ದೊಡ್ಡದರ ಜೊತೆ ಇಡಬೇಡಿ ಅಂತ ಅಮ್ಮ ಬೇರೆ ಕಟ್ಟಿಸಿದಳು. ದೊಡ್ಡದರಲ್ಲಿ ಒಂದು ಮಾಸ್ಕ್ ಇದೆ, ಎರಡು ಕಡೆ ಡಬ್ಬಿ ಇರುವಂಥದ್ದು. ಕಾರಿಗೆ ಪೇಂಟ್ ಹೊಡೆಯುವವರು ಹಾಕುತ್ತಾರಲ್ಲ, ಅದು. ನೀನು ಹಾಕಿಕೊಳ್ಳುವ ಎನ್95 ಧೂಳನ್ನು ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ಪೈಪು ಉಜ್ಜುವಾಗ ಅದು ಸರಿ, ಸ್ಪ್ರೇ ಮಾಡುವಾಗ ಉಪಯೋಗ ಇಲ್ಲ. ಈ ಡಬ್ಬಿಯೊಳಗೆ ಇದ್ದಿಲು ಇರುತ್ತದೆ. ಬಿಚ್ಚಿ ಹೊರಗಿಟ್ಟರೆ ಅದು ಸುಮ್ನೆ ಕೂತಲ್ಲೇ ವಾಸನೆ ಹೀರಿಕೊಂಡು ಖಾಲಿಯಾಗುತ್ತದೆ, ಆದ್ದರಿಂದ ಕೆಲಸ ಮುಗಿದ ಮೇಲೆ ಗಾಳಿಯಾಡದ ಡಬ್ಬದಲ್ಲಿ ಮುಚ್ಚಿಡು. ಹಾಕಿಕೊಂಡಾಗಲೂ ವಾಸನೆ ಬಂದರೆ ಅವತ್ತೇ ಬದಲಾಯಿಸು. ಅಯ್ಯೋ ಇನ್ನೊಂದು ದಿನ ಬರುತ್ತೆ ಅನ್ನಬೇಡ.

ಜೊತೆಗೆ ಗಾಳಿ ಹೊರಗೆ ಎಳೆಯುವ ಒಂದು ಬ್ಲೋವರ್, 110 ಎಂಎಂ ಪೈಪು. ಬಾತ್‌ರೂಮಿಗಲ್ಲ, ರೂಮಿನ ಕಿಟಕಿಗೆ. ರಟ್ಟಿನ ಪೆಟ್ಟಿಗೆ ಅಡ್ಡ ಮಲಗಿಸಿ, ಹಿಂದೆ ತೂತು ಮಾಡಿ ಪೈಪು ಸಿಗಿಸು, ಇನ್ನೊಂದು ತುದಿ ಕಿಟಕಿಯಾಚೆ ಹೋಗಲಿ. ಮಾಡೆಲ್ ಪೆಟ್ಟಿಗೆಯೊಳಗಿರಲಿ, ನಿನ್ನ ಮುಖ ಹೊರಗಿರಲಿ. ಬ್ಲೋವರಿನ ಮೋಟರು ಗಾಳಿಯ ದಾರಿಯಿಂದ ಹೊರಗೆ ಕೂರುವಂಥದ್ದನ್ನೇ ಹುಡುಕಿ ತಂದಿದ್ದೇನೆ. ಮೋಟರಿನ ಕಿಡಿಗೂ ಥಿನ್ನರಿನ ಆವಿಗೂ ಆಗಿಬರುವುದಿಲ್ಲ. ಬದಲಾಯಿಸಬೇಡ. ಆದಷ್ಟು ನೀರಿನಲ್ಲಿ ಕಲಸುವ ಪೇಂಟ್ ಬಳಸು ಅಂತಲೂ ಹೇಳಬೇಕು, ಆದರೆ ಅದರಲ್ಲಿ ಆ ನುಣುಪು ಬರುವುದಿಲ್ಲ ಅಂತ ವಾದ ಮಾಡುತ್ತೀಯ, ಗೊತ್ತು. ಸರಿ, ಥಿನ್ನರ್ ಹಾಕುವ ಲ್ಯಾಕರ್ ಪೇಂಟೇ ಹೊಡಿ. ಕಿಟಕಿ ತೆಗೆದು ಹೊಡಿ. ಆ ಬೆಳಗಾವಿ ಹುಡುಗಿ ಮನೆಯಲ್ಲಿದ್ದಾಗ ಹೊಡಿ. ಒಬ್ಬಳೇ ಇರುವಾಗ ಬೇಡ. ರಾತ್ರಿ ಎಲ್ಲರೂ ಮಲಗಿದ ಮೇಲಂತೂ ಬೇಡವೇ ಬೇಡ. ಸೂಪರ್ ಗ್ಲೂ ಹತ್ತಿಬಟ್ಟೆಗೆ ತಾಕಿದರೆ ಸುಡುತ್ತದೆ, ಒರೆಸುವುದಕ್ಕೆ ಹಳೇ ಬನಿಯನ್ ಇಟ್ಟುಕೊಳ್ಳಬೇಡ. ಸಾಕು. ಬರೆಯುತ್ತಾ ಹೋದರೆ ಇನ್ನೂ ನಾಲ್ಕು ಹಾಳೆ ಆಗುತ್ತದೆ.

ಮುಂದಿನ ಮಾಡೆಲ್ ಪಿಎಸ್‌ಎಲ್‌ವಿ ರಾಕೆಟ್ಟಿನದಂತೆ. ಅಮ್ಮ ಹೇಳಿದಳು. ಮಂಗಳಯಾನ ಹೊತ್ತುಕೊಂಡು ಹೋದ ಸಿ25, ಪಕ್ಕಕ್ಕೆ ಕಟ್ಟುವ ಚಿಕ್ಕ ರಾಕೆಟ್, ಸ್ಟ್ರಾಪ್‌ಆನ್, ಆರು ಇರುವ ಎಕ್ಸ್‌ಎಲ್ ಮಾದರಿ. ನಾನೂ ಲೆಕ್ಕ ಹಾಕಿದೆ. ಮೇಲಿನ ಹೀಟ್ ಶೀಲ್ಡ್ 3.2 ಮೀಟರ್, ಅದಕ್ಕೆ ನಮ್ಮ 32 ಆಗುತ್ತದೆ. ಕೆಳಗಿನ ಮೊದಲ ಹಂತ 2.8. ಇಲ್ಲೇ ತೊಂದರೆ. ಪಿವಿಸಿಯಲ್ಲಿ 25 ಇದೆ, 32 ಇದೆ, 28 ಇಲ್ಲ. 25ರ ಮೇಲೆ ಒಂದೂವರೆ ಎಂಎಂ ಶೀಟ್ ಸುತ್ತಿದರೆ ಸರಿಯಾಗಿ 28 ಬರುತ್ತದೆ, ಆದರೆ ಉದ್ದಕ್ಕೂ ಒಂದು ಸೇರುಗೆ ಕಾಣುತ್ತದೆ. ಅದನ್ನು ಮುಚ್ಚುವುದಕ್ಕೆ ಎಂ-ಸೀಲ್ ಹಚ್ಚಿ ಉಜ್ಜಬೇಕು. ನಿನ್ನೆ ಆಸ್ಪತ್ರೆಗಳಿಗೆ ಆಕ್ಸಿಜನ್ ಲೈನ್ ಎಳೆಯುವ ಕಂಟ್ರಾಕ್ಟರ್ ಒಬ್ಬರು ಅಂಗಡಿಗೆ ಬಂದಿದ್ದರು. ಅವರ ಹತ್ತಿರ 28ರ ತಾಮ್ರದ ಪೈಪಿನ ತುಂಡು ಉಳಿದಿದೆಯಂತೆ. ತೆಗೆದಿಡಿ ಅಂದಿದ್ದೇನೆ. ಎಷ್ಟು ಉದ್ದ ಬೇಕು ಅಂತ ಸರಿಯಾಗಿ ಅಳೆದು ಹೇಳು, ತಾಮ್ರ ಈಗ ಬಲು ದುಬಾರಿ.

ಇಂತಿ,
ಅಪ್ಪ
ತಿಪಟೂರು