ಸಮತೋಲನದ ಅಂಕ ಸರಿ, ಅಳೆದದ್ದು ಹೇಗೆ?

ಮಾನ್ಯ ಸಂಪಾದಕರೇ,

ಒಂಟಿ ಕಾಲಿನಲ್ಲಿ 10 ಸೆಕೆಂಡು ನಿಲ್ಲಬಲ್ಲಿರಾ ಎಂದು ಕೇಳುವ ಬರಹ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಮೇಲೆ ನನ್ನಲ್ಲಿಗೆ ಬರುವ ಹಿರಿಯರಲ್ಲಿ ಹಲವರು ಅದನ್ನು ಮನೆಯಲ್ಲೇ ಮಾಡಿ ನೋಡಿದ್ದಾರೆ. ಪಾರ್ಕಿನ್ಸನ್ ಕಾಯಿಲೆ ಇರುವ ಒಬ್ಬರಂತೂ ‘ಗೋಡೆ ಮುಟ್ಟದೆ ನಿಂತೆ ಮೇಡಂ, ಇನ್ನು ಕೋಲು ಬೇಡ ಅಲ್ವಾ?’ ಎಂದರು. ಅದೇ ವಾರ ಅವರು ಬಿಗಿಯಾಗಿದ್ದ ಬೀರುವಿನ ಬಾಗಿಲನ್ನು ಎಳೆಯಲು ಹೋಗಿ, ಅದು ತಟಕ್ಕನೆ ತೆರೆದುಕೊಂಡು, ಹಿಂದಕ್ಕೆ ಬಿದ್ದಿದ್ದರು. ಎರಡೂ ನಿಜ. ನಿಂತದ್ದೂ ನಿಜ, ಬಿದ್ದದ್ದೂ ನಿಜ.

ನಾನು ಫಿಸಿಯೋಥೆರಪಿಸ್ಟ್. ವಯಸ್ಸಾದವರು, ಪಾರ್ಕಿನ್ಸನ್ ಇರುವವರು, ಕಿರುಮೆದುಳಿನ ತೊಂದರೆಯಿಂದ ತೂರಾಡುವವರು, ಇವರನ್ನು ನಿಲ್ಲಿಸಿ ನಡೆಸಿ ಅಳೆಯುವುದೇ ನನ್ನ ದಿನದ ಕೆಲಸ. ಒಂಟಿ ಕಾಲಿನ ಆ ಮಾತು ಸುಳ್ಳಲ್ಲ. 2022ರಲ್ಲಿ ಬ್ರೆಜಿಲ್‌ನ ಅಧ್ಯಯನವೊಂದು ಪ್ರಕಟವಾಯಿತು. 51ರಿಂದ 75 ವರ್ಷದೊಳಗಿನ 1,702 ಮಂದಿಯಲ್ಲಿ, 10 ಸೆಕೆಂಡು ನಿಲ್ಲಲಾರದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಹೆಚ್ಚು ಕಂಡಿತು. ಆದರೆ ಅವರೆಲ್ಲ ನಡಿಗೆ ಸ್ಥಿರವಾಗಿದ್ದವರು. ಪಾರ್ಕಿನ್ಸನ್ ಬಂದು ತಿರುಗುವಾಗ ಹೆಜ್ಜೆ ಸಿಕ್ಕಿಕೊಳ್ಳುವವರಿಗೆ ಅದೇ ಅಳತೆಗೋಲು ಹಿಡಿದರೆ ಸಾಲದು.

ನಾವು ಆಯ ತಪ್ಪದೆ ನಿಲ್ಲಬೇಕಾದರೆ ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳ ಸ್ಪರ್ಶಜ್ಞಾನ, ಈ ಮೂರೂ ಕಡೆಯಿಂದ ಬರುವ ಸುದ್ದಿಯನ್ನು ಮಿದುಳು ಕೂಡಿಸಿ ನೋಡುತ್ತದೆ. ಮೇಲೆ ಸ್ನಾಯುಬಲ ಬೇಕು, ಆಯ ತಪ್ಪಿದ ಕೂಡಲೇ ಹೆಜ್ಜೆ ಇಡುವ ಚುರುಕು ಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಹಗಲಲ್ಲಿ ಚೆನ್ನಾಗಿಯೇ ಓಡಾಡುತ್ತಾರೆ, ಕತ್ತಲಲ್ಲಿ ಜೋಲಿ ಹೊಡೆಯುತ್ತಾರೆ. ಪಾದದ ಕೆಲಸವನ್ನೂ ಅವರ ಕಣ್ಣೇ ಮಾಡುತ್ತಿರುತ್ತದೆ. ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸುವ ರೋಮ್‌ಬರ್ಗ್ ಪರೀಕ್ಷೆ ಹತ್ತೊಂಬತ್ತನೇ ಶತಮಾನದ್ದು, ಈಗಲೂ ಅದು ಹಿಡಿದುಕೊಡುವುದು ಇದನ್ನೇ. ಪಾರ್ಕಿನ್ಸನ್ ಇರುವವರು ಅದರಲ್ಲಿ ಸಲೀಸಾಗಿ ಪಾಸಾಗಿಬಿಡಬಹುದು. ಅವರ ತೊಂದರೆ ಇರುವುದೇ ಬೇರೆ ಕಡೆ.

ನನ್ನ ತಕರಾರು ಒಂದೇ. ನನ್ನ ಕೈಗೆ ಬರುವ ಫೈಲುಗಳಲ್ಲಿ ‘ಬ್ಯಾಲೆನ್ಸ್: ಪರವಾಗಿಲ್ಲ’ ಎಂದೋ, ಬರೀ ‘52’ ಎಂದೋ ಬರೆದಿರುತ್ತದೆ. ಯಾವ ಪರೀಕ್ಷೆಯ 52? ಕೋಲು ಹಿಡಿದಿದ್ದರೇ? ಮಾತ್ರೆ ನುಂಗಿ ಎಷ್ಟು ಹೊತ್ತಾಗಿತ್ತು? ಒಂದಕ್ಕೂ ಉತ್ತರವಿರುವುದಿಲ್ಲ. ಆರು ತಿಂಗಳ ಮೇಲೆ ನಾನು ಅಳೆದು 49 ಬಂದರೆ ಅದು ಇಳಿಕೆಯೋ, ಅಳೆದ ರೀತಿಯ ವ್ಯತ್ಯಾಸವೋ ಹೇಳುವುದು ಹೇಗೆ?

52 ಎಂದರೆ ಬಹುಶಃ ಬರ್ಗ್ ಮಾಪಕ ಎಂದು ಊಹಿಸುತ್ತೇನೆ. ಕೆನಡಾದ ಕ್ಯಾಥರಿನ್ ಬರ್ಗ್ 1980ರ ದಶಕದ ಕೊನೆಯಲ್ಲಿ ರೂಪಿಸಿದ್ದು, 14 ಕೆಲಸ, ಒಂದೊಂದಕ್ಕೆ 0ಯಿಂದ 4, ಒಟ್ಟು 56. ಕುಳಿತಲ್ಲಿಂದ ಏಳುವುದು, ಕೈ ಮುಂದೆ ಚಾಚುವುದು, ನೆಲದ ವಸ್ತು ಎತ್ತುವುದು, ಸುತ್ತು ತಿರುಗುವುದು, ಎಲ್ಲವೂ ಇದೆ. ಒಳ್ಳೆಯ ಮಾಪಕವೇ. ಆದರೆ ಅದರಲ್ಲಿ ನಡಿಗೆಯೇ ಇಲ್ಲ, ಯಾರೂ ನಿಮ್ಮನ್ನು ತಳ್ಳುವುದೂ ಇಲ್ಲ. ಹಾಗಾಗಿ ಪಾರ್ಕಿನ್ಸನ್ನಿನ ಶುರುವಿನ ವರ್ಷಗಳಲ್ಲಿ ಇರುವವರು 56ರ ಹತ್ತಿರ ಹತ್ತಿರ ಪಡೆದು, ಹೆಮ್ಮೆಯಿಂದ ಮನೆಗೆ ಹೋಗಿ ಬೀಳುತ್ತಾರೆ. ಈ ಕೊರತೆಯನ್ನು ಬಹುಮಟ್ಟಿಗೆ ತುಂಬುವುದು ಮಿನಿ-ಬೆಸ್ಟೆಸ್ಟ್ ಎಂಬ ಇನ್ನೊಂದು ಮಾಪಕ. ಅದರಲ್ಲೂ 14 ಕೆಲಸ, ಅಂಕ ಮಾತ್ರ 28. ಮೆತ್ತನೆ ಫೋಮಿನ ಮೇಲೆ ಕಣ್ಣು ಮುಚ್ಚಿ ನಿಲ್ಲುವುದು, ತಲೆ ಅತ್ತಿತ್ತ ತಿರುಗಿಸುತ್ತ ನಡೆಯುವುದು, ಆಸರೆ ಥಟ್ಟನೆ ತಪ್ಪಿದಾಗ ಹೆಜ್ಜೆ ಇಟ್ಟು ಸಾವರಿಸಿಕೊಳ್ಳುವುದು ಅದರಲ್ಲಿವೆ.

ಭುಜ ಹಿಡಿದು ಎಳೆಯುವ ಪರೀಕ್ಷೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಕೆಟ್ಟದಾಗಿ ಮಾಡುವುದನ್ನು ನಾನು ಹೆಚ್ಚು ಕಂಡಿರುವುದು ಇದರಲ್ಲೇ. ರೋಗಿಯ ಬೆನ್ನ ಹಿಂದೆ ನಿಂತು, ‘ಎಳೆಯುತ್ತೇನೆ, ಬೀಳದಂತೆ ಹಿಂದಕ್ಕೆ ಹೆಜ್ಜೆ ಇಡಿ’ ಎಂದು ಮೊದಲೇ ತಿಳಿಸಿ, ಎರಡೂ ಭುಜ ಹಿಡಿದು ಚುರುಕಾಗಿ, ಜೋರಾಗಿಯೇ ಎಳೆಯಬೇಕು. ಅವರು ಹೆಜ್ಜೆ ಇಡಲೇಬೇಕು, ಅಷ್ಟು ಜೋರು. ಒಂದೆರಡು ಹೆಜ್ಜೆಯಲ್ಲಿ ನಿಂತರೆ ತೊಂದರೆಯಿಲ್ಲ. ಮೂರರಿಂದ ಐದಾದರೆ ಒಂದು ಅಂಕ, ಅದಕ್ಕೂ ಹೆಚ್ಚಾಗಿ ತಾವೇ ಸಾವರಿಸಿಕೊಂಡರೆ ಎರಡು, ಹಿಡಿಯದಿದ್ದರೆ ಬೀಳುತ್ತಾರೆಂದರೆ ಮೂರು. ಇಲ್ಲಿ ಅಂಕ ಹೆಚ್ಚಿದಷ್ಟೂ ಕಷ್ಟ ಹೆಚ್ಚು. ಆಗುವುದೇನೆಂದರೆ, ಬಿದ್ದುಬಿಟ್ಟಾರು ಎಂಬ ಅಂಜಿಕೆಯಿಂದ ಪರೀಕ್ಷಿಸುವವರು ಭುಜ ಸವರಿದಂತೆ ಮಾಡಿ ‘ನಾರ್ಮಲ್’ ಎಂದು ಬರೆಯುತ್ತಾರೆ. ರೋಗಿ ಭಾರಿ ಆಳಾಗಿದ್ದರೆ ಹಿಂದೆ ಗೋಡೆಯಿರಲಿ, ಜೊತೆಗೆ ಇನ್ನೊಬ್ಬರಿರಲಿ, ಆದರೆ ಎಳೆಯುವುದಾದರೆ ಸರಿಯಾಗಿ ಎಳೆಯಿರಿ. ಮನೆಯವರು ಇದನ್ನು ಮಾಡಲೇಬಾರದು, ಅದನ್ನೂ ದಯವಿಟ್ಟು ಅಚ್ಚು ಮಾಡಿ. ಇದರ ಫಲಿತಾಂಶ ಸಣ್ಣ ಮಾತಲ್ಲ. 1967ರಿಂದ ಬಳಕೆಯಲ್ಲಿರುವ ಹೋನ್-ಯಾರ್ ಹಂತಗಳಲ್ಲಿ ಪಾರ್ಕಿನ್ಸನ್ ಎರಡನೇ ಹಂತದಿಂದ ಮೂರಕ್ಕೆ ಹೋಯಿತು ಎನ್ನುವುದಕ್ಕೆ ಆಧಾರವೇ ಈ ಎಳೆತಕ್ಕೆ ಬರುವ ಉತ್ತರ.

ಇನ್ನು ಎದ್ದು ನಡೆದು ಬಂದು ಕೂರುವ ಪರೀಕ್ಷೆ. ಕೈಯಿರುವ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಸ್ಟಾಪ್‌ವಾಚಿನಲ್ಲಿ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಾದರೆ ಹಿರಿಯರಲ್ಲಿ ಬೀಳುವ ಅಪಾಯವಿದೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ದಿನವೂ ತೊಡುವ ಚಪ್ಪಲಿ, ದಿನವೂ ಹಿಡಿಯುವ ಕೋಲು, ದಿನದ ವೇಗ. ‘ಬೇಗ ಬೇಗ’ ಎಂದು ಹುರಿದುಂಬಿಸಿದರೆ ಲೆಕ್ಕ ಕೆಟ್ಟಿತು. ನಾನು ಗಡಿಯಾರಕ್ಕಿಂತ ಹೆಚ್ಚಾಗಿ ತಿರುವನ್ನು ನೋಡುತ್ತೇನೆ. ಮೊನ್ನೆ ಒಬ್ಬ ತಾಯಿ ಚೆನ್ನಾಗಿ ಎದ್ದರು, ಬೀಸಾಗಿ ನಡೆದರು. ಗೆರೆಯ ಹತ್ತಿರ ಮೈ ತಿರುಗಿತು, ಪಾದ ತಿರುಗಲಿಲ್ಲ. ಹಿಮ್ಮಡಿ ಎದ್ದು ಬೆರಳುಗಳು ನೆಲಕ್ಕೆ ಅಂಟಿದಂತೆ ಅಲ್ಲೇ ನಡುಗಿದವು, ಆಮೇಲೆ ಪುಟ್ಟ ಪುಟ್ಟ ಹೆಜ್ಜೆ. ಒಟ್ಟು ಸಮಯ 12ಕ್ಕಿಂತ ಕಡಿಮೆಯೇ. ಸಂಖ್ಯೆ ಮಾತ್ರ ಬರೆದಿದ್ದರೆ ಅವರು ಆರೋಗ್ಯವಂತರು. ಅದೇ ನಡಿಗೆಯಲ್ಲಿ ನೂರರಿಂದ ಮೂರು ಮೂರು ಕಳೆಯುತ್ತ ಬನ್ನಿ ಎಂದೆ. ಲೆಕ್ಕ ಹೇಳಲು ಅವರು ನಿಂತೇಬಿಟ್ಟರು. ಮಾತಾಡಲು ನಡಿಗೆ ನಿಲ್ಲಿಸುವ ಹಿರಿಯರು ಮುಂದೆ ಬೀಳುವ ಸಂಭವ ಹೆಚ್ಚು ಎಂದು ಸ್ವೀಡನ್ನಿನ ಸಂಶೋಧಕರು 1997ರಲ್ಲೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಿದ್ದಾರೆ.

ಮಾತ್ರೆಯ ಹೊತ್ತು ಬರೆಯಿರಿ ಎಂದು ನಾನು ಹಟ ಹಿಡಿಯುವುದಕ್ಕೂ ಕಾರಣವಿದೆ. ಪಾರ್ಕಿನ್ಸನ್ನಿಗೆ ಕೊಡುವ ಲೆವೊಡೋಪಾ ಮಾತ್ರೆ ಕೆಲಸ ಮಾಡುತ್ತಿರುವಾಗ ನಡೆಯುವ ಮನುಷ್ಯನೇ ಬೇರೆ, ಅದು ಇಳಿದಾಗ ನಡೆಯುವವನೇ ಬೇರೆ. ವೈದ್ಯರ ಭೇಟಿಗೆಂದು ಸಮಯ ನೋಡಿ ಮಾತ್ರೆ ನುಂಗಿ, ಮೈಯೆಲ್ಲ ಕಿವಿಯಾಗಿ ಕೋಣೆಯೊಳಗೆ ಬರುವವರ ಹೆಜ್ಜೆ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಹೊರಗೆ ಹೋಗುವಾಗ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ, ಅಷ್ಟರಲ್ಲಿ ವೈದ್ಯರು ಮುಂದಿನ ಫೈಲು ತೆರೆದಿರುತ್ತಾರೆ. ನಡುಕ, ಬಿಗಿತ ಈ ಮಾತ್ರೆಗೆ ತಗ್ಗಿದಷ್ಟು ಸಮತೋಲನದ ತೊಂದರೆ ತಗ್ಗುವುದಿಲ್ಲ ಎನ್ನುವುದೂ ಮನೆಯವರಿಗೆ ಗೊತ್ತಿರಬೇಕು. ಇಲ್ಲದಿದ್ದರೆ ‘ಕೈ ನಡುಕ ನಿಂತಿತಲ್ಲ’ ಎಂದು ಕೋಲನ್ನು ಮೂಲೆಗಿಡುತ್ತಾರೆ.

ಒತ್ತಡ ಅಳೆಯುವ ಹಲಗೆ, ಸೊಂಟಕ್ಕೆ ಕಟ್ಟುವ ಸೆನ್ಸರು ಇವೆಲ್ಲ ಬಂದಿವೆ. ಕಣ್ಣಿಗೆ ಕಾಣದಷ್ಟು ಸಣ್ಣ ಓಲಾಟವನ್ನೂ ಅವು ಹಿಡಿಯುತ್ತವೆ, ಸಂಶೋಧನೆಗೆ ಬಹಳ ಬೇಕು. ಆದರೆ ಸುಮ್ಮನೆ ನಿಂತಾಗ ಓಲಾಟ ಕಡಿಮೆ ಎಂದಮಾತ್ರಕ್ಕೆ ಭದ್ರ ಎಂದುಕೊಳ್ಳಬಾರದು. ಮೈ ಬಿಗಿದುಕೊಂಡವರೂ ಕಡಿಮೆ ಓಲಾಡಬಹುದು. ಇದಕ್ಕಿಂತ ಮೊದಲು, ಮಲಗಿಸಿ ಒಮ್ಮೆ, ನಿಲ್ಲಿಸಿ 3 ನಿಮಿಷದೊಳಗೆ ಮತ್ತೆ ರಕ್ತದೊತ್ತಡ ನೋಡುವ ಅಭ್ಯಾಸ ಬರಲಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಎದ್ದ ಕೂಡಲೇ ಬೀಳುವುದಕ್ಕೆ ಅದೂ ಕಾರಣವಿರಬಹುದು, ಪಾರ್ಕಿನ್ಸನ್ನಿನಲ್ಲಿ ಇದು ಅಪರೂಪವಲ್ಲ.

ಮನೆಯವರು ಮಾಡಬಹುದಾದ್ದು ಪರೀಕ್ಷೆಯಲ್ಲ, ದಾಖಲೆ. ಬಿದ್ದದ್ದು ಯಾವ ಹೊತ್ತಿಗೆ, ಮಾತ್ರೆಯಾಗಿ ಎಷ್ಟು ಹೊತ್ತಿಗೆ, ಮುಂದಕ್ಕೋ ಹಿಂದಕ್ಕೋ, ಏಳುವಾಗಲೋ ತಿರುಗುವಾಗಲೋ. ಬೀಳಲು ಹೋಗಿ ಮೇಜು ಹಿಡಿದುಕೊಂಡದ್ದನ್ನೂ ಬರೆಯಿರಿ. ಕಾಯಿಲೆ ಶುರುವಾದ ಒಂದೆರಡು ವರ್ಷದಲ್ಲೇ ಮತ್ತೆ ಮತ್ತೆ ಹಿಂದಕ್ಕೆ ಬೀಳುತ್ತಿದ್ದರೆ ಅದು ಪಾರ್ಕಿನ್ಸನ್ ಅಲ್ಲದೆ ಬೇರೆ ಕಾಯಿಲೆಯೂ ಇರಬಹುದು, ನರರೋಗ ತಜ್ಞರಿಗೆ ಆ ಚೀಟಿ ತುಂಬ ಉಪಯೋಗಕ್ಕೆ ಬರುತ್ತದೆ. ನನ್ನ ವೃತ್ತಿಯವರಿಗೂ ವೈದ್ಯರಿಗೂ ಕೇಳುವುದು, ಅಂಕದ ಪಕ್ಕದಲ್ಲಿ ಪರೀಕ್ಷೆಯ ಹೆಸರು, ಮಾತ್ರೆಯ ಹೊತ್ತು, ಕೋಲು, ಚಪ್ಪಲಿ, ತಿರುವಿನಲ್ಲಿ ಕಂಡದ್ದು, ಇಷ್ಟು ಒಂದು ಸಾಲಿನಲ್ಲಿ ಬರೆಯಿರಿ. ನಿಮ್ಮ ಪತ್ರಿಕೆಯಲ್ಲಿ ಮುಂದೆ ಇಂಥ ಪರೀಕ್ಷೆ ಅಚ್ಚಾದಾಗ, ಅದು ಯಾರಿಗಲ್ಲ ಎಂಬುದನ್ನೂ, ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು ಎಂಬುದನ್ನೂ ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಹಾಕಿ.

— ಓರ್ವ ಫಿಸಿಯೋಥೆರಪಿಸ್ಟ್