‘ನೈಸರ್ಗಿಕ’ ಗುಳಿಗೆ ಬೀಡಿ ಸೇದುವವರಿಗೆ ಬೇಡ

ಮಾನ್ಯ ಸಂಪಾದಕರೇ,

ಕ್ಯಾನ್ಸರ್ ಬಾರದಂತೆ ತಡೆಯುತ್ತದೆಂದು ಬೀಟಾ ಕ್ಯಾರೋಟಿನ್, ಅರಿಶಿನದ ಸತ್ವದ ಗುಳಿಗೆಗಳನ್ನು ನಮ್ಮ ಬಾಗಲಕೋಟೆ ಕಡೆಯೂ ಮಾರುತ್ತಿದ್ದಾರೆ. ‘ನೈಸರ್ಗಿಕ, ಅಡ್ಡಪರಿಣಾಮವಿಲ್ಲ’ ಎಂಬ ಮಾತು ನಂಬಿ ನುಂಗುವವರಲ್ಲಿ ಬೀಡಿ ಸೇದುವವರೂ ಇದ್ದಾರೆ. ಅವರು ಇದನ್ನು ಓದಲೇಬೇಕು.

ಗಜ್ಜರಿಗೆ ಬಣ್ಣ ಕೊಡುವುದು ಬೀಟಾ ಕ್ಯಾರೋಟಿನ್. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ಪ್ರಯೋಗ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ, ದಿನಕ್ಕೆ 20 ಮಿಲಿಗ್ರಾಂ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ 30 ಮಿಲಿಗ್ರಾಂ ಜೊತೆ ವಿಟಮಿನ್ ಎ ಕೊಟ್ಟಾಗ ಶೇ 28ರಷ್ಟು ಏರಿತು. ಆ ಪ್ರಯೋಗವನ್ನು 1996ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಿದರು. ಹಾಗೆಂದು ಗಜ್ಜರಿ ಬಿಡಬೇಕಿಲ್ಲ. ಹಸಿ ಗಜ್ಜರಿಯಿಂದ ಮೈಗೆ ಹತ್ತುವುದು ಸ್ವಲ್ಪ, ಗುಳಿಗೆಯಿಂದ ಬಹಳ. ಹೊಗೆಯಿಂದ ಕೆಟ್ಟ ಶ್ವಾಸಕೋಶದಲ್ಲಿ ಅಷ್ಟು ಕ್ಯಾರೋಟಿನ್ ಒಡೆದಾಗ ಹುಟ್ಟುವ ಅಂಶಗಳೇ ಕೇಡು ಮಾಡುತ್ತವೆಂಬುದು ತಜ್ಞರ ವಿವರಣೆ.

ಅರಿಶಿನ ಪುಡಿಯಲ್ಲಿ ಅದರ ಸತ್ವವಾದ ಕರ್ಕ್ಯುಮಿನ್ ಇರುವುದು ಸುಮಾರು ಶೇ 3. ಅದೂ ರಕ್ತಕ್ಕೆ ಸೇರುವುದು ಕಡಿಮೆ. ಅದಕ್ಕೇ ಗುಳಿಗೆಗೆ ಕರಿಮೆಣಸಿನ ಪೈಪರಿನ್ ಬೆರೆಸುತ್ತಾರೆ. ಪೈಪರಿನ್ ಕರ್ಕ್ಯುಮಿನ್ ಜೊತೆಗೆ ಮೂರ್ಛೆರೋಗದ ಫೆನಿಟಾಯಿನ್‌ನಂಥ ಔಷಧಿಯ ಮಟ್ಟವನ್ನೂ ರಕ್ತದಲ್ಲಿ ಏರಿಸುತ್ತದೆ. ಇಂಥ ಗುಳಿಗೆಯಿಂದ ಯಕೃತ್ತು ಕೆಟ್ಟ ಪ್ರಕರಣಗಳು ವರದಿಯಾಗಿವೆ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಗುಳಿಗೆ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. ಸಾರಿನ ಚಿಟಿಕೆ ಅರಿಶಿನಕ್ಕೆ ಈ ಭಯವಿಲ್ಲ.

ಕೃತಕ ಔಷಧಿಯೆಲ್ಲ ಕೆಟ್ಟದ್ದೆಂಬುದೂ ಸುಳ್ಳು. ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿದ್ದ ಮಹಿಳೆಯರಲ್ಲಿ ದಿನಕ್ಕೆ 20 ಮಿಲಿಗ್ರಾಂ ಟಾಮಾಕ್ಸಿಫೆನ್ ಆ ಅಪಾಯವನ್ನು ಅರ್ಧದಷ್ಟು ಇಳಿಸಿದ್ದು 1998ರಲ್ಲೇ ಸಾಬೀತಾಗಿದೆ. ಆದರೆ ರಕ್ತ ಹೆಪ್ಪುಗಟ್ಟುವ, ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಅದರಿಂದ ಹೆಚ್ಚುತ್ತದೆ. ವೈದ್ಯರು ತೂಗಿ ನೋಡಿಯೇ ಕೊಡಬೇಕು.

ಇನ್ನು, ನಿಸರ್ಗವೇ ಮಾಡಿದ ವಿಷ ನಮ್ಮ ಶೇಂಗಾದಲ್ಲೇ ಇರಬಹುದು. ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಯಕೃತ್ತಿನ ಕ್ಯಾನ್ಸರ್ ತರುತ್ತದೆ, ಹುರಿದರೂ ಪೂರ್ತಿ ಹೋಗದು. ಹಿಂಡಿಗೆ (ಚಟ್ನಿಪುಡಿಗೆ) ಹುರಿಯುವ ಮೊದಲು ಕಾಳನ್ನು ಮೊರದಲ್ಲಿ ಹರವಿ ಸುಕ್ಕಿದ್ದು, ಕಪ್ಪಾದದ್ದು, ಹಸಿರು ಬೂಷ್ಟು ಹಿಡಿದದ್ದು ಆರಿಸಿ ಎಸೆಯಿರಿ. ಅದನ್ನು ಎಮ್ಮೆಗೂ ಹಾಕಬೇಡಿ, ಹಾಲಿನಲ್ಲಿ ಮರಳಿ ಮನೆಗೇ ಬರುತ್ತದೆ.

– ಔಷಧಶಾಸ್ತ್ರದ ಉಪನ್ಯಾಸಕರು, ಬಾಗಲಕೋಟೆ