ಗನ್ ಒಂದು ಕಡೆ, ನಾನೊಂದು ಕಡೆ

ಚಿ. ಪುಟ್ಟುಗೆ ಚಿಕ್ಕಜ್ಜ ಮಾಡುವ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿನ್ನಮ್ಮ ಫೋನಲ್ಲಿ ಹೇಳಿರುತ್ತಾಳೆ, ಅದು ಬಿಡು. ಆಗ್ರಾದ ಪ್ಯಾರಾಚೂಟ್ ತರಬೇತಿಯಿಂದ ಬರೆದ ಪತ್ರದ ಕೊನೆಯಲ್ಲಿ, ಬೇರೆ ಪ್ಯಾರಾಚೂಟ್‌ಗಳಲ್ಲಿ ಇಳಿಯುವ ಫಿರಂಗಿಯ ಬಗ್ಗೆ ಒಂದು ಸಾಲು ಸೇರಿಸಿದ್ದೀಯಲ್ಲ, 'ಗನ್ ಒಂದು ಕಡೆ, ನಾನೊಂದು ಕಡೆ ಬಿದ್ದರೆ ಏನ್ ಮಾಡೋದು ಚಿಕ್ಕಜ್ಜ?' ಅಂತ. ಅದನ್ನು ಓದಿದಾಗಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ.

ಐದು ಜಂಪ್ ಮುಗಿಸಿ ಪ್ಯಾರಾಟ್ರೂಪರ್ ಬ್ಯಾಡ್ಜ್, ಆ ವಿಂಗ್ಸ್, ತಗೊಳ್ಳುವುದು ನಿನಗೆ ಕಷ್ಟ ಆಗಲಿಕ್ಕಿಲ್ಲ. ವಿಮಾನದ ಬಾಗಿಲಲ್ಲಿ ನಿಂತಾಗಿನ ಹೆದರಿಕೆ, ಹಾರು ಅನ್ನುವ ಹಸಿರು ದೀಪ ಹತ್ತುವವರೆಗೆ ಮಾತ್ರ. ನೀನು ಕೇಳಿದ್ದು ಕಾಲು ನೆಲಕ್ಕೆ ತಾಗಿದ ಮೇಲಿನದು.

ನನಗೆ ಆಗಿದ್ದೂ ಅದೇ. 1971ರ ಯುದ್ಧ, ಡಿಸೆಂಬರ್ 11, ಈಗಿನ ಬಾಂಗ್ಲಾದೇಶದ ಟಾಂಗೈಲ್. 2 ಪ್ಯಾರಾ ಬೆಟಾಲಿಯನ್ ಜೊತೆ ನಮ್ಮ ಬ್ಯಾಟರಿ, ಅಂದರೆ ಫಿರಂಗಿ ತಂಡ, ಎಲ್ಲ ಸೇರಿ ಸುಮಾರು 700 ಜನ. ಮೈಮನ್‌ಸಿಂಗ್ ಕಡೆಯಿಂದ ಢಾಕಾಕ್ಕೆ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನಿ ಬ್ರಿಗೇಡನ್ನು ಪುಂಗ್ಲಿ ಸೇತುವೆ ಹತ್ತಿರ ತಡೆಯಬೇಕಿತ್ತು. ಸಂಜೆ ಹೊತ್ತು. ನಾನು ಬಿದ್ದದ್ದು ಕೊಯ್ದ ಭತ್ತದ ಗದ್ದೆಯಲ್ಲಿ. ಕೂಳೆ ಚುಚ್ಚಿ ಅಂಗೈ ಕಿತ್ತುಹೋಗಿತ್ತು. ವಿಮಾನದ ಸದ್ದು ದೂರ ಹೋಯಿತು. ಸುತ್ತ ಒಬ್ಬರೂ ಇಲ್ಲ, ಗನ್ ಇಲ್ಲ. ಎತ್ತು ಕಳಕೊಂಡ ರೈತನ ಹಾಗೆ ನಿಂತುಬಿಟ್ಟೆ ಮಗಾ. ಎಷ್ಟು ಹೊತ್ತು ಅಂತ ಈಗಲೂ ಗೊತ್ತಿಲ್ಲ.

ಆಮೇಲೆ ನೆನಪಾಯಿತು. ಒಂದು ವಿಮಾನದಿಂದ ಹಾರಿದವರು ಅದು ಹೋದ ಸಾಲಲ್ಲೇ ಬಿದ್ದಿರುತ್ತಾರೆ. ಆ ಸಾಲು ಹಿಡಿದು ನಡೆದರೆ ಯಾರಾದರೂ ಸಿಗಲೇಬೇಕು. ಇದನ್ನು ನಿನಗೂ ಕಲಿಸಿರುತ್ತಾರೆ, ಸುಮ್ನೆ ಹೇಳಿದೆ. ಇಳಿಯುವಾಗಲೇ ಗನ್ನಿನ ದೊಡ್ಡ ಪ್ಯಾರಾಚೂಟ್‌ಗಳು ಯಾವ ಕಡೆ ಹೋದವು ಅಂತ ಒಮ್ಮೆ ನೋಡಿಟ್ಟುಕೋ. ನಾನು ನೋಡಿರಲಿಲ್ಲ. ಈಗ ಸಾಮಾನೆಲ್ಲ ಬೇರೆ, ನನ್ನ ಮಾತು ಹಳೇದಾಗಿರಬಹುದು.

ಕೆರೆ ಏರಿ ಹತ್ತಿರ ನಮ್ಮವರು ಸಿಕ್ಕರು. ಶೆಲ್ ಪೆಟ್ಟಿಗೆ ಎಳೆಯಲಾಗದೆ ಒದ್ದಾಡುತ್ತಿದ್ದೆ. ಲುಂಗಿ ಎತ್ತಿ ಕಟ್ಟಿದ್ದ ಒಬ್ಬ ಮುದುಕ ಬಂದು ಸುಮ್ಮನೆ ಇನ್ನೊಂದು ಹಿಡಿ ಹಿಡಿದ. ಅವನ ಬಂಗಾಲಿ ನನಗೆ ಬಾರದು, ನನ್ನ ಹಿಂದಿ ಅವನಿಗೆ ಬಾರದು. ಗನ್ ಇದ್ದಲ್ಲಿಗೆ ತಲುಪಿದಾಗ ಪೂರ್ತಿ ಕತ್ತಲಾಗಿತ್ತು. ಅವನ ಹೆಸರನ್ನಾದರೂ ಕೇಳಬೇಕಿತ್ತು, ಅಲ್ವಾ?

16ಕ್ಕೆ ಢಾಕಾದಲ್ಲಿ ಪಾಕಿಸ್ತಾನಿ ಸೇನೆಯ ಶರಣಾಗತಿ ಆಯಿತು, ಅದು ಎಲ್ಲರಿಗೂ ಗೊತ್ತು. ಊರಿಗೆ 'ಆರಾಮಿದ್ದೇನೆ' ಅಂತ ಕಾರ್ಡ್ ಹಾಕಿದೆ. ರಜೆಗೆ ಬಂದಾಗ ನಿನ್ನಜ್ಜ ಒಂದು ರಾತ್ರಿ ಕೇಳಿದ, 'ಹೆದರಿಕೆ ಆಯ್ತೇನೋ ತಮ್ಮಾ?' ನಾನು ನಕ್ಕು ಮಾತು ತಿರುಗಿಸಿದೆ. ಗದ್ದೆಯಲ್ಲಿ ಒಬ್ಬನೇ ನಿಂತಿದ್ದನ್ನು ಅವನಿಗೆ ಹೇಳಲೇ ಇಲ್ಲ. ಅವನು ಮತ್ತೆ ಕೇಳಲೂ ಇಲ್ಲ. ಈಗ ಹೇಳೋಣವೆಂದರೆ ಅವನಿಲ್ಲ.

ನೀನು ಬರೆದೆಯಲ್ಲ, ಅಷ್ಟು ಸಾಕು ನನಗೆ. ಗನ್ ಸಿಗುತ್ತದೆ ಮಗಾ, ತಡವಾಗಬಹುದು. ಒಣ ಕಾಲುಚೀಲ ಒಂದು ಜೊತೆ ಜಾಸ್ತಿ ಇಟ್ಟುಕೋ, ಅಷ್ಟೇ ನನಗೆ ತೋಚುವುದು.

ರಾತ್ರಿ ಜಂಪ್ ಆದ ಮೇಲೆ ಎಲ್ಲಿ ಬಿದ್ದೆ, ಯಾರು ಮೊದಲು ಸಿಕ್ಕರು ಅಂತ ಬರಿ. 'ಆರಾಮಿದ್ದೇನೆ' ಅಂತ ಮಾತ್ರ ಬರೆಯಬೇಡ.

ನಿನ್ನ
ಚಿಕ್ಕಜ್ಜ